ಖಾಲಿ ಅಂಗಳದಾಗಿನ ರೈಡು

ಬಂದೀರಿ ಅಂದ್ರ ಕೂತ ಕೇಳ್ರಿ. ತೊಂಬತ್ತೊಂದನೇ ಇಸವಿ ಪಂಚಕ್ರೋಶಿ ಶೀಲ್ಡ್ ಉಗಾರ ಬುದ್ರುಕಕ್ಕ ತಂದಾಂವ ನಾನ. ಹೌದ್ರಿ, ಈ ಬಾಬಾಸಾಹೇಬ. ಊರಾಗ ಕರಿಯೂದು ಡೈಲಾಗ್ ಬಾಬ್ಯಾ ಅಂತ. ಆಗ ನನ್ನ ತೂಕ ನಲವತ್ತಾರು ಕಿಲೋ, ಅದರಾಗ ಎರಡ ಕಿಲೋ ಹೀರೋ ಕಟಿಂಗಿನ ಕೂದಲಾ. ಜಲ್ಮದಾಗ ಒಂದ ರೈಡ್ ಮಾಡಿಲ್ಲ, ಒಬ್ಬನ ಕಾಲ ಹಿಡದಿಲ್ಲ. ಆದ್ರೂ ಕಪ್ಪ ಗೆಲ್ಲಿಸಿದಾಂವ ನಾನ. ಬರೇ ನಾಲಿಗಿಲೆ!

ನಂಬಿಕಿ ಬರವಲ್ದು? ಆ ದಿವಸ ಫೈನಲ್‌ನಾಗ ನಮ್ಮ ಕ್ಯಾಪ್ಟನ್ ಮುರಗೆಪ್ಪ ದಿಗ್ಗೇವಾಡಿಯವರ ಅಂಗಳದಾಗ ಹೊಕ್ಕು, ಹಿಂದಿನ ಗೆರಿ ಮುಟ್ಟಿ, ಉಸಿರ ಹರಿಗೊಡದ ಮರಳಿ ಬಂದ. ಅವರ ಏಳೂ ಮಂದ್ಯಾಗ ಒಬ್ಬನ ಕೈನೂ ಅವನ ಮೈಗೆ ತಾಕಲಿಲ್ಲ. ಇದರಾಗ ಒಂದಕ್ಷರ ಸುಳ್ಳಿದ್ರ ನನ್ನ ಮೀಸಿ ಬೋಳಸ್ರಿ.

ಕ್ಲಬ್ಬ ಅಂದ್ರ ನಮ್ಮಲ್ಲೆ ಕಟ್ಟಡಲ್ಲ, ಬೋರ್ಡಲ್ಲ. ಹೊಳಿ ದಾರ್ಯಾಗ ಅಣ್ಣಾಸಾಬ ಕಾಕಾನ ಹೊಲದ ಮೂಲ್ಯಾಗ ಐದ ಗುಂಟೆ ಜಾಗಾ, ಒಂದ ಬೇವಿನ ಗಿಡ, ಟೊಂಗಿಗೆ ಒಣಾ ಹಾಕಿದ ಏಳ ಬನೀನು, ಬುಡಕ ಸುಣ್ಣದ ಡಬ್ಬಿ. ಎಪ್ಪತ್ನಾಕರಾಗ ಸಾಲಿ ಪಿ.ಟಿ. ಮಾಸ್ತರ ಕಾಕಾಸಾಹೇಬರು ‘ಜೈ ಕಿಸಾನ್ ಕಬಡ್ಡಿ ಸಂಘ’ ಅಂತ ಹೆಸರಿಟ್ಟು ಮೊದಲನೇ ಗೆರಿ ತಾವ ಎಳದ್ರು. ಹೊಳಿಯಿಂದ ಚಕ್ಕಡಿ ತುಂಬ ಹೂಳ ತಂದು, ಬೆಲ್ಲದ ಗಾಣದ ಬೂದಿ ಕಲಿಸಿ, ನೀರ ಹೊಡದು, ಊರಿಗಿ ಊರ ತುಳದು ಮಾಡಿದ ಅಂಗಳ ಅದು. ಹಳೇ ಆಟಗಾರರು ಕಬಡ್ಡಿ ಅನ್ನತಿರಲಿಲ್ಲ, ‘ಹುತುತುತು’ ಅಂತಿದ್ರು. ನನ್ನ ಅಪ್ಪ ನಿದ್ದ್ಯಾಗೂ ಹುತುತುತು ಅಂದು ಒಮ್ಮೆ ಅವ್ವನ ಕಾಲ ಹಿಡದಿದ್ದ. ಪ್ರತಿ ಐತವಾರ ನಡು ಗೆರಿ ಮ್ಯಾಲ ಮತ್ತ ಸುಣ್ಣ ಬೀಳತಿತ್ತು. ಹದಿನೇಳ ವರ್ಷ, ಸುಣ್ಣದ ಮ್ಯಾಲ ಸುಣ್ಣ. ಆ ಗೆರಿ ದಾಟೂ ಮುಂದ ಬಗ್ಗಿ ಮಣ್ಣ ಮುಟ್ಟಿ ಹಣಿಗೆ ಹಚಗೋಬೇಕು. ಮರತ್ರ ಮಾಸ್ತರ ಸೀಟಿ ಅಲ್ಲ, ಬೆತ್ತ ಬಾರಸ್ತಿದ್ರು.

ನಮ್ಮ ಗಂಟಲಾಗಿನ ಮುಳ್ಳ ಅಂದ್ರ ದಿಗ್ಗೇವಾಡಿ. ಹೊಳಿ ಆಚೆ ಊರು. ಆರ ವರ್ಷ ಒಂದ ಸವನ ಫೈನಲ್‌ನಾಗ ನಮ್ಮನ್ನ ಕೆಡವಿದ್ರು. ಅವರ ಕ್ಯಾಪ್ಟನ್ ತವನಪ್ಪ, ಜೈನರ ಹುಡುಗ, ಮಾತ ಬೆಣ್ಣಿ, ಕೈ ಇಕ್ಕಳ. ಕೃಷ್ಣಾ ಹೊಳ್ಯಾಗಿನ ಮೊಸಳಿ ಹಿಡದ ಕಾಲ ಬಿಟ್ಟೀತು, ತವನಪ್ಪ ಬಿಡತಿರಲಿಲ್ಲ. ಮುರಗೆಪ್ಪನ ಎಡಗಾಲ ಹರಡಿನ ಮ್ಯಾಲ ಅವನ ಐದೂ ಬಟ್ಟಿನ ಗುರ್ತ ಇದ್ವು. ಮುರಗೆಪ್ಪ ಅದನ್ನ ಎಲ್ಲಾರಿಗೂ ತೋರಸ್ತಿದ್ದ, ಬಂಗಾರದ ಕಡಗ ತೋರಿಸಿದಂಗ.

ನಾನು ಮೈಕಿನಾಂವ. ಮಿರಜಿಗೆ ಹೋಗಿ ಪಿಕ್ಚರ್ ನೋಡೂದು, ಬಂದು ಮೈಕಿನಾಗ ಹೀರೋ, ವಿಲನ್ ಎಲ್ಲಾರ ದನಿ ತಗದು ಉಗಳೂದು. ಆ ಶನಿವಾರ ಸೆಮಿಫೈನಲ್ ಮುಗದ ಮ್ಯಾಲ ಮೈಕಿನ ಭೋಂಗಾ ಹೊಳಿ ಕಡೆ ತಿರಗಿಸಿ, ದಿಗ್ಗೇವಾಡಿಗೆ ಕೇಳೂವಂಗ ಒಗದ್ನಿ: “ಈ ಗೆರಿ ದಾಟಿ ಬಂದಾಂವ ಹೆಸರರ ಬಿಟ್ಟ ಹೋಗಬೇಕ, ಇಲ್ಲಾ ಉಸಿರರ ಬಿಟ್ಟ ಹೋಗಬೇಕ!” ಮಂದಿ ಸೀಟಿ ಹೊಡದ್ರು. ಆವತ್ತಿನಿಂದ ಊರಾಗ ಹಾಲ ಹಾಕೂ ಹುಡುಗೂರ ಸೈತ ಅದನ್ನ ಅನ್ನಾಕ ಹತ್ತಿದ್ರು.

ಸೀಟಿ ನಿಂತ ಮ್ಯಾಲ ಅಣ್ಣಾಸಾಬ ಕಾಕಾ ಕುರ್ಚಿ ಬಿಟ್ಟ ಎದ್ದ. ಟೋಪಿ ಸರಿ ಮಾಡಕೊಂಡ.

“ಮುರಗ್ಯಾ, ಹೊಳಿ ನೀರ ಎತ್ತೂ ಲಿಫ್ಟಿನ ಪೈಪ್ ನನ್ನ ಬದುವಿಗೆ ಬಂದೈತಿ. ಐದ ಗುಂಟೆನೂ ಕಬ್ಬಿನ ಜಾಗಾನ. ಆರ ವರ್ಷ ಸೋಲೂದ ನೋಡಾಕ ನಾ ಹೊಲ ಬಿಟ್ಟ ಕುಂಡ್ರಬೇಕೇನು?”

“ಇದೊಂದ ಸಲ, ಕಾಕಾ.”

“ಬರೋಬರ್. ಇದೊಂದ ಸಲ. ನಾಳೆ ಗೆದ್ರ ನಾ ಇರೂತನಕ ಅಂಗಳ ನಿಮ್ಮದು. ಸೋತ್ರ ಸೋಮವಾರ ಟ್ರ್ಯಾಕ್ಟರ್.”

ಕಾಕಾ ಮಾತ ಅಂದ್ರ ಮಾತ. ಆ ರಾತ್ರಿ ಯಾರೂ ನೆಟ್ಟಗ ಉಣ್ಣಲಿಲ್ಲ. ಮುರಗೆಪ್ಪ ಒಬ್ಬನ ಆರಾಮ ಇದ್ದ. “ಏ ಬಾಬ್ಯಾ, ಈ ಸಲ ತವನ್ಯಾನ ಕೈ ಎಲ್ಲೆ ಬರತೈತಿ ಅಂತ ಗೊತ್ತಾಗೇತಿ ನನಗ,” ಅಂದ. “ಎಡಕ್ಕ ಬಾಗತಾನ, ಬಲಕ್ಕ ಬರತಾನ. ಆರ ವರ್ಷ ಬೇಕಾತು ನೋಡ ತಿಳಿಯಾಕ!” ಸಾಲಿ ಹುಡುಗನಗತೆ ನಗಾಕತ್ತಿದ್ದ.

ಐತವಾರ ನಾಕ ಗಂಟೆಕ್ಕ ಆಟ. ಬೇವಿನ ಗಿಡದ ಮ್ಯಾಲ ಸೈತ ಜಾಗಾ ಇರಲಿಲ್ಲ. ನಾಕಾತು, ಸವಾ ನಾಕಾತು, ಫ್ಯಾಕ್ಟರಿ ಪಾಳಿ ಬಿಟ್ಟ ಮಂದಿನೂ ಬಂದು ಕೂತ್ರು. ದಿಗ್ಗೇವಾಡಿಯವರ ಸುಳುವಿಲ್ಲ. ಹೊಳಿ ಮ್ಯಾಲಿನ ಕುಡಚಿ ಪೂಲಿನ ದಾರಿ ನೋಡಿ ನೋಡಿ ಕಣ್ಣ ಸೋತವು. ನಾ ಮೈಕ ಹಿಡದು, “ಹೆದರ್ಯಾರ! ಡೈಲಾಗಿಗೇ ಹೆದರ್ಯಾರ!” ಅಂದ್ನಿ. ಮಂದಿ ನಕ್ಕ್ರು. ಮುರಗೆಪ್ಪ ನಗಲಿಲ್ಲ. “ತವನ್ಯಾ ಹೆದರೂ ಪೈಕಿ ಅಲ್ಲ,” ಅಂದ.

ಮುಕ್ಕಾಲ ತಾಸ ಕಾದು, ಪಾವಣೆ ಐದಕ್ಕ ಮಾಸ್ತರು ಗಡಿಯಾರ ನೋಡಿ, “ನಿಯಮ ನಿಯಮನ. ಒಬ್ಬಾಂವ ರೈಡ್ ಮಾಡ್ರಿ,” ಅಂದ್ರು.

ನಮ್ಮ ಕಡೆ ಪದ್ಧತಿ ಅದು. ಎದುರಿನವರು ಬರದಿದ್ರೂ ಸುಮ್ಮನ ಕಪ್ ಕೊಡಂಗಿಲ್ಲ. ಒಬ್ಬ ಆಟಗಾರ ಖಾಲಿ ಅಂಗಳದಾಗ ಹೋಗಿ, ಉಸಿರ ಹಿಡದು, ಹಿಂದಿನ ಗೆರಿ ಮುಟ್ಟಿ ಬರಬೇಕು. ಹುಡುಗೂರು ಇದನ್ನ ಚಾಷ್ಟಿ ಮಾಡತಾ ಓಡಿ ಮುಗಸ್ತಾರ.

ಮುರಗೆಪ್ಪ ಓಡಲಿಲ್ಲ. ಬಗ್ಗಿ ಮಣ್ಣ ಮುಟ್ಟಿ ಹಣಿಗೆ ಹಚಗೊಂಡ. “ಕಬಡ್ಡಿ ಕಬಡ್ಡಿ ಕಬಡ್ಡಿ...” ಎಡ ಮೂಲಿಗೆ ಕಾಲ ಚಾಚಿದ, ಅಲ್ಲೆ ದಿಗ್ಗೇವಾಡಿ ಪಾರಿಸ ನಿಂದರತಿದ್ದ. ನಡುವ ಹಾರಿದ, ಅಲ್ಲೆ ಜಯಪಾಲ. ಆಮ್ಯಾಲ ಬಲ ಮೂಲಿ ಮುಂದ ನಿಂತ. ತವನಪ್ಪನ ಜಾಗಾ. ಎಡಕ್ಕ ಬಾಗಿದಂಗ ಮಾಡಿ, ಸರ್ರ್ ಅಂತ ಎಡಗಾಲ ಎಳಕೊಂಡು, ಇಲ್ಲದ ಕೈ ತಪ್ಪಿಸಿ ಹಿಂದಿನ ಗೆರಿ ಮುಟ್ಟಿದ. ಸಾವಿರ ಮಂದಿ ಕೂತಲ್ಲೆ ಅವನ ಉಸಿರ ಬಿಟ್ರ ಬ್ಯಾರೆ ಸಪ್ಪಳಿರಲಿಲ್ಲ. ಮರಳಿ ಬಂದ ಮ್ಯಾಲೂ ಯಾರೂ ಚಪ್ಪಾಳಿ ಹೊಡೀಲಿಲ್ಲ. ಮುಂದ ಒಮ್ಮೆಲೆ ಹೊಡದ್ರು. ಕಾಕಾ ಶೀಲ್ಡ್ ಕೊಟ್ಟು, “ಅಂಗಳ ನಿಮ್ಮದು,” ಅಂದ. ನಾ ಮುರಗೆಪ್ಪನ್ನ ಹೆಗಲ ಮ್ಯಾಲ ಹೊರಾಕ ಹೋಗಿ ಇಬ್ಬರೂ ಕೂಡೇ ಬಿದ್ವಿ.

ಗುಲಾಲ ಹಾರಸ್ತಾ, ಮಾಸ್ತರನೂ ಕರಕೊಂಡು, ಮುರಗೆಪ್ಪನ ಮನಿಗೆ ಬಂದ್ವಿ. ಅವ್ರವ್ವ ಲಕ್ಕವ್ವ ಕಟ್ಟಿ ಮ್ಯಾಲ ಕೂತು ಅವರಿಕಾಯಿ ಸುಲ್ಯಾಕತ್ತಿದ್ಲು. ಶೀಲ್ಡ್ ಇಸಕೊಂಡು, “ಇಷ್ಟ ಹಗರ ಐತೇನೋ? ಆರ ವರ್ಷ ಅತ್ತಿರಿ ಇದಕ್ಕ!” ಅಂದ್ಲು.

ಅಷ್ಟರಾಗ ಓಣ್ಯಾಗ ಟ್ರ್ಯಾಕ್ಟರ್ ಬಂತು. ಟ್ರೇಲರ್‌ನಾಗ ದಿಗ್ಗೇವಾಡಿ ಟೀಮು. ಬನೀನಲ್ಲ, ಬಿಳಿ ಅಂಗಿ, ಬಿಳಿ ಟೋಪಿ. ತಲಿ ಕೆಳಗ. ತವನಪ್ಪನ ತೆಕ್ಕ್ಯಾಗ ದೊಡ್ಡದೊಂದ ಬುಟ್ಟಿ, ಬಿಳಿ ಅರಿವಿ ಮುಚ್ಚಿದ್ದು. ಸತ್ತವರ ಮನ್ಯಾಗ ಒಲಿ ಹಚ್ಚಂಗಿಲ್ಲಂತ ಬೀಗರು, ಬೇಕಾದವರು ತರೂ ಬುತ್ತಿ. ಇಳದು ನಾಕ ಹೆಜ್ಜಿ ಬಂದಾಂವ ಕಟ್ಟಿ ಮ್ಯಾಲ ಲಕ್ಕವ್ವನ ಕಂಡು ಕಲ್ಲಾಗಿ ನಿಂತ.

“ಯಾರ ಹೋದ್ರೋ ಯಪ್ಪಾ?” ಅಂದ್ಲು ಲಕ್ಕವ್ವ.

ತವನಪ್ಪ ಬುಟ್ಟಿ ಕೆಳಗ ಇಟ್ಟ. “ನೀ... ನೀನ ಹೋಗೀಯಂತ ಹೇಳಿದ್ರಲ್ಲ ಆಯಿ.”

“ಎಲ್ಲೆ ಹೋಗ್ಯೇನಿ? ಸಂತಿಗೆ ಸೈತ ಹೋಗಿಲ್ಲ!”

ತವನಪ್ಪ ಹೇಳಿದ. ಮುಂಜಾನೆ ಹನ್ನೊಂದಕ್ಕ ಅವರೂರ ಸೊಸೈಟಿಗೆ ಫೋನ ಬಂದಿತ್ತಂತ. ಕಾಕಾಸಾಹೇಬ ಮಾಸ್ತರದು. ಲಕ್ಕವ್ವ ತೀರಕೊಂಡಾಳ, ಫೈನಲ್ ಮುಂದಿನ ಐತವಾರ. “ತಾಯಿ ಹೋದ ದಿವಸ ಅವನ ಕೂಡ ಹೆಂಗ ಆಡೂದು? ಮಣ್ಣಿಗೆ ಬರೂದಾಗಲಿಲ್ಲ, ಬುತ್ತಿ ಮಾಡಿಸಕೊಂಡ ಬಂದ್ವಿ. ಏಳೂ ಮನ್ಯಾಗ ರೊಟ್ಟಿ ಬಡದಾರ.”

“ನಾನ? ಹನ್ನೊಂದಕ್ಕ ನಾ ಅಂಗಳದಾಗ ಸುಣ್ಣ ಹಾಕಾಕತ್ತಿದ್ನಿ!” ಅಂದ್ರು ಮಾಸ್ತರು.

“ನಿಮ್ಮದ ದನಿ ಇತ್ರಿ ಸರ್. ಅಳತಿದ್ರಿ. ‘ಆ ತಾಯಿ ಉಸಿರ ಬಿಟ್ಟಾಳ ತವನಪ್ಪಾ, ಹೆಸರ ಬಿಟ್ಟಿಲ್ಲ’ ಅಂದ್ರಿ.”

ಒಬ್ಬರೂ ನನ್ನ ಕಡೆ ತಿರಗಿ ನೋಡಲಿಲ್ಲ, ಅದ ಕೆಟ್ಟದ್ದು. ಮುರಗೆಪ್ಪ ಒಬ್ಬಾಂವ ನೋಡಿದ. ಒಂದ ಸಲ.

ಮೊದಲ ನಕ್ಕಾಕಿ ಲಕ್ಕವ್ವ. “ಹೆಂಗೂ ತಂದೀರಿ, ನಾನೂ ಕೂತ ಉಣ್ಣತೇನಿ! ನನ್ನ ಬುತ್ತಿ ನಾ ಉಂಡಂಗಾತು. ತವನಪ್ಪಾ, ಕೈ ತೊಳಕೋ, ಹೊತ್ತ ಮುಳಗಿದ್ರ ನೀ ಉಣ್ಣಂಗಿಲ್ಲ.” ಹದಿನಾಲ್ಕೂ ಮಂದಿ ಕಟ್ಟಿ ಮ್ಯಾಲ ಕೂತು ಉಂಡ್ರು. ಜ್ವಾಳದ ರೊಟ್ಟಿ, ಪುಂಡಿಪಲ್ಯ, ಕೆಂಪ ಖಾರ. ನನ್ನ ತಾಟಿಗೂ ತವನಪ್ಪ ತಾನ ಒಂದ ರೊಟ್ಟಿ ಹಾಕಿದ. ಮುರಕೊಂಡ ತುತ್ತ ಕೈಯಾಗ ಹಂಗ ಉಳೀತು.

ಉಂಡ ಮ್ಯಾಲ ಮುರಗೆಪ್ಪ ಶೀಲ್ಡ್ ತಗೊಂಡು ಕಾಕಾನ ಮನಿಗೆ ನಡದ. ನಾವೆಲ್ಲಾ ಹಿಂದ. ಕಾಕಾ ಎಲ್ಲಾ ಕೇಳಿಸಿಕೊಂಡು, “ಅವ್ರು ಬರಲಿಲ್ಲ, ನೀ ರೈಡ್ ಮಾಡಿದಿ. ನನ್ನ ಕಡೆಯಿಂದ ಮುಗೀತು. ಸುಮ್ಮನ ಹೋಗ, ಹುಚ್ಚ,” ಅಂದ.

“ಗೆದ್ದಿಲ್ರಿ ಕಾಕಾ.”

“ಯಾಂವ ಮಾಡಿದಾಂವ? ಹೆಸರ ಹೇಳ. ಅವನ್ನ ಹೊರಗ ಹಾಕು, ಅಂಗಳ ಇಟಕೋ.”

ಮುರಗೆಪ್ಪ ಎಡಗಾಲಿನ ಹರಡ ಕೆರಕೊಂಡ. “ಕ್ಲಬ್ಬಿನಾವ್ರು ಮಾಡಿದ್ದು ಕ್ಲಬ್ಬ ಮಾಡಿದಂಗ್ರಿ,” ಅಂದು ಶೀಲ್ಡ್ ತವನಪ್ಪನ ಕೈಯಾಗ ಕೊಟ್ಟ.

ಸೋಮವಾರ ಟ್ರ್ಯಾಕ್ಟರ್ ಬಂತು. ರೆಂಟಿ ಎರಡ ಸಲ ಮುರೀತು, ಅಷ್ಟ ಗಟ್ಟಿ ತುಳದಿದ್ವಿ.

ಏಳ ವರ್ಷಾತು. ಮುರಗೆಪ್ಪ ಈಗ ಕಾಕಾನ ಕಬ್ಬಿಗೆ ನೀರ ಹಾಯಸ್ತಾನ. ಹೋದ ವಾರ ಹೊಳಿ ಕಡೆ ಹ್ವಾದಾಗ ಕಂಡ. ಕಬ್ಬ ಕಡದ ಹೊಲದಾಗ ಬುಡದ ಕೂಳಿ ಚಿಗತು ಮೊಳಕಾಲ ಮಟಾ ಹಸರಾಗಿತ್ತು. ನಡುವ ಒಂದ ಪಟ್ಟಿ ಮಾತ್ರ ಹಳದಿ, ಅಲ್ಲಿನ ಚಿಗರ ಗೇಣುದ್ದ, ಜೋತ ಬಿದ್ದದ್ದು. ಸುಣ್ಣ ತಿಂದ ನೆಲ. ಅಳತಿ ಮಾಡೂದ ಬ್ಯಾಡ, ನಮ್ಮ ನಡು ಗೆರಿನ ಅದು.

ಮುರಗೆಪ್ಪ ಸಲಿಕಿ ಹೆಗಲಿಗೆ ಹಾಕಿಕೊಂಡು ಅದರ ತನಕ ಬಂದ. ಬಗ್ಗಿ ಮಣ್ಣ ಮುಟ್ಟಿ ಹಣಿಗೆ ಹಚಗೊಂಡು ದಾಟಿದ. ನನ್ನ ನೋಡಿ, “ಏ ಬಾಬ್ಯಾ, ಭಾಳ ದಿವಸಾತು. ಒಂದ ಡೈಲಾಗ್ ಒಗಿ,” ಅಂದ.

ನಾ ಗೆರಿ ಈಚೆ ನಿಂತಿದ್ನಿ.

“ಮುರಗಣ್ಣಾ, ಅವತ್ತ ನಮ್ಮೂರ ಸೊಸೈಟಿ ಕೀಲಿ ತಗದು ಫೋನ ಮಾಡಿದಾಂವ ನಾನ. ಮಾಸ್ತರ ದನಿನೂ ನಂದ. ಅತ್ತದ್ದೂ ನಾನ.”

ಅಂವ ಸಲಿಕಿಲೆ ಒಡ್ಡ ಕಡದ.

“ಗೊತ್ತೈತಿ,” ಅಂದ. “ಕಾಲ ತಗಿ, ನೀರ ಬರಾಕತ್ತೈತಿ.”

ನೀರ ಬಂತು. ಹಳದಿ ಪಟ್ಟಿ ಮುಂದ ಚೂರ ನಿಂತಂಗ ಮಾಡಿ, ದಾಟಿತು.