ಎಲೆ ಬಾಚುವ ಶನಿವಾರ

ಹಮ್ದಮ್ ಮತ್ತೊಂದು ಚೀಲದ ಬಾಯಿ ಬಿಗಿಯುತ್ತಿದ್ದಾಗ ಮೇಲಿನ ಮಹಡಿಯ ಕಿಟಕಿಯಲ್ಲಿ ಪರದೆ ಅಲುಗಾಡಿತು. ಅವನು ತಲೆ ಎತ್ತುವಷ್ಟರಲ್ಲಿ ಮುಚ್ಚಿಕೊಂಡಿತು. ನೋಡುತ್ತಿದ್ದಾರೆ! ಅವನಿಗೆ ಒಳಗೊಳಗೇ ಖುಷಿಯಾಯಿತು. ನೋಡಲಿ, ಚೆನ್ನಾಗಿಯೇ ನೋಡಲಿ. ಕಾರ್ಖಾನೆಗೆ ರಜೆ ಹಾಕಿ, ಬೆಳಗಿನಿಂದ ಅಂಗಳದ ತುಂಬ ಬಿದ್ದಿದ್ದ ಬರ್ಚ್ ಮರದ ಎಲೆಗಳನ್ನೆಲ್ಲ ಒಬ್ಬನೇ ಬಾಚಿದ್ದ. ಸೊಂಟ ಬಿದ್ದುಹೋಗಿತ್ತು, ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ಕಟ್ಟಡದ ಬಾಗಿಲಿಗೆ ಅಂಟಿಸಿದ್ದ ಚೀಟಿಯ ಪ್ರಕಾರ ಅಲ್ಲಿ ವಾಸವಿದ್ದವರೆಲ್ಲ ಸೇರಿ ಈ ಕೆಲಸ ಮಾಡಬೇಕಾಗಿದ್ದುದು ಮರುದಿನ, ಶನಿವಾರ. ಅವರು ಇಳಿದು ಬರುವಾಗ ಅಂಗಳದಲ್ಲಿ ಒಂದೇ ಒಂದು ಎಲೆಯೂ ಇರಬಾರದು ಎಂಬುದು ಅವನ ಹಟ.

ಹಟಕ್ಕೆ ಕಾರಣ ಇಲ್ಲದೆ ಇರಲಿಲ್ಲ. ಹಮ್ದಮ್ ಉಜ್ಬೇಕಿಸ್ತಾನದ ನಮಂಗಾನಿನಿಂದ ಫಿನ್‌ಲ್ಯಾಂಡಿನ ಈಸಲ್ಮಿಗೆ ವೆಲ್ಡಿಂಗ್ ಕೆಲಸಕ್ಕೆಂದು ಬಂದಿಳಿದದ್ದು ಜನವರಿಯಲ್ಲಿ. ಸೂರ್ಯ ಎನ್ನುವವನು ಬಂದು ಹಾಜರಿ ಹಾಕಿ ಹೋಗಿಬಿಡುವ ತಿಂಗಳು. "ಮೊದ್ಲು ಅಕ್ಕಪಕ್ಕದೋರಿಗೆ ರೊಟ್ಟಿ ಕೊಟ್ಟು ಬಾ ಮಗಾ" ಎಂದು ಅಮ್ಮ ಫೋನಿನಲ್ಲಿ ಹೇಳಿದ್ದಳು. "ಕಷ್ಟ ಅಂದ್ರೆ ನಾನು ಓಡಿ ಬರಕ್ಕಾಗತ್ತಾ? ಅವರೇ ಬರಬೇಕು." ಹಮ್ದಮ್ ದುಂಡನೆಯ ರೊಟ್ಟಿ ಸುಟ್ಟು, ತಟ್ಟೆಯಲ್ಲಿಟ್ಟುಕೊಂಡು ಎದುರು ಮನೆಯ ಬಾಗಿಲು ತಟ್ಟಿದ. ರೈಲ್ವೆಯಿಂದ ನಿವೃತ್ತನಾದ ಎಸ್ಕೊ ಎಂಬ ಮುದುಕ ಬಾಗಿಲು ತೆಗೆದು, ತಟ್ಟೆ ತೆಗೆದುಕೊಂಡು, "ಥ್ಯಾಂಕ್ಸ್" ಎಂದು ಬಾಗಿಲು ಹಾಕಿಕೊಂಡ. ಮರುದಿನ ಹಮ್ದಮನ ಬಾಗಿಲ ಹಿಡಿಕೆಗೆ ಒಂದು ಚೀಲ ನೇತಾಡುತ್ತಿತ್ತು. ಅದರಲ್ಲಿ ಫಳಫಳ ತೊಳೆದ ತಟ್ಟೆ. ಖಾಲಿ. ಅಲ್ಲ, ಒಬ್ಬರ ಮನೆಯ ಪಾತ್ರೆಯನ್ನು ಖಾಲಿ ವಾಪಸು ಕೊಡುತ್ತಾರೆಯೇ? ಒಂದು ಚಿಟಿಕೆ ಸಕ್ಕರೆಯಾದರೂ ಬೇಡವೇ? ಆ ದಿನ ಅವನಿಗೆ ಊಟ ಸೇರಲಿಲ್ಲ. ಅಮ್ಮನಿಗೆ ಮಾತ್ರ "ತುಂಬಾ ಒಳ್ಳೇ ಜನ ಕಣಮ್ಮ" ಎಂದ.

ಇವರು ಕೆಟ್ಟವರೇನಲ್ಲ. ಬಾಯಿ ಬಿಟ್ಟರೆ ಮುತ್ತು ಉದುರಿಹೋಗುತ್ತದೆ ಎಂಬಂತೆ ಬದುಕುತ್ತಾರೆ, ಅಷ್ಟೆ. ಮೆಟ್ಟಿಲ ಮೇಲೆ ಹೆಜ್ಜೆ ಸದ್ದು ಕೇಳಿದರೆ, ಆ ಸದ್ದು ದಾಟಿಹೋಗುವ ತನಕ ಬಾಗಿಲ ಹಿಂದೆಯೇ ಕಾಯುತ್ತಾರೆ. ಹೊರಗೆ ಬಂದು ಎದುರಾದರೆ ಏನಾದರೂ ಹೇಳಬೇಕಾಗುತ್ತದಲ್ಲ! ಇದು ಹಮ್ದಮನಿಗೆ ಗೊತ್ತಿರಲಿಲ್ಲ. ಕಾರ್ಖಾನೆಯಲ್ಲೂ ಕಿವಿಗೆ ಮುಚ್ಚಳ, ಮುಖಕ್ಕೆ ಕವಚ. ಕಾಫಿಯ ಹೊತ್ತಿನಲ್ಲಿ ಎಲ್ಲರೂ ತಂತಮ್ಮ ಲೋಟದೊಳಗೆ ನೋಡುತ್ತ ಕೂರುವವರೇ. ವಾರಗಟ್ಟಲೆ ತನ್ನ ದನಿ ತನಗೇ ಕೇಳಿಸದೆ, ಒಮ್ಮೊಮ್ಮೆ ಅನ್ನ ಬೇಯಿಸುತ್ತ ಸುಮ್ಮನೆ "ಏನಯ್ಯಾ ಹಮ್ದಮ್, ಹೇಗಿದ್ದೀಯ?" ಎಂದು ಕೇಳಿಕೊಳ್ಳುತ್ತಿದ್ದ. ಕಟ್ಟಡದಲ್ಲಿ ಯಾರಾದರೂ ಒಬ್ಬರು, ಒಬ್ಬರೇ ಒಬ್ಬರು, ತನ್ನ ಜೊತೆ ನಿಂತು ಮಾತಾಡಿದರೆ ಸಾಕು ಎನ್ನುವಷ್ಟಕ್ಕೆ ಬಂದಿತ್ತು ಅವನ ಆಸೆ.

ಮೇ ತಿಂಗಳಲ್ಲಿ ಒಂದು ಶನಿವಾರ ಅವನು ಹೆಚ್ಚುವರಿ ಕೆಲಸ ಮುಗಿಸಿ ಬಂದಾಗ ಅಂಗಳದ ತುಂಬ ಜನ. ಚಳಿಗಾಲದಲ್ಲಿ ಹಿಮದ ಮೇಲೆ ಕಾಲು ಜಾರದಿರಲೆಂದು ಹಾಕಿದ್ದ ಜಲ್ಲಿಯನ್ನು ಗುಡಿಸುತ್ತಿದ್ದರು. ಎಲ್ಲ ನರೆತ ತಲೆಗಳೇ. ಮೇಲಿನ ಮಹಡಿಯ ವಿಧವೆ ಹೆಲ್ವಿ, ಎಂಬತ್ತರ ಹತ್ತಿರದವಳು, ಬಗ್ಗಿ ಪೊರಕೆ ಆಡಿಸುತ್ತಿದ್ದಳು. ಹಮ್ದಮನ ಊರಿನ ಬೀದಿಯಲ್ಲಿ ಹಿರಿಯರ ಕೈಯಲ್ಲಿ ಪೊರಕೆ ಇದ್ದು ಗಟ್ಟಿಮುಟ್ಟು ಹುಡುಗ ನೋಡುತ್ತ ನಿಂತರೆ, ಜನ ಅವನನ್ನು ಬಿಟ್ಟು ಅವನ ಹೆತ್ತವರನ್ನು ಬಯ್ಯುತ್ತಾರೆ. ಓಡಿಹೋಗಿ ಪೊರಕೆಗೆ ಕೈ ಹಾಕಿದ. "ಕೊಡಿ ಅಜ್ಜಿ, ನಾನು ಮಾಡ್ತೀನಿ." ಅವಳು ಬಿಡಲಿಲ್ಲ. "ಮುಗೀತು ಬಿಡು" ಎಂದಳು. ಮುಗಿದೇ ಇತ್ತು.

ಆಮೇಲೆ ಬೇಸಿಗೆ ಬಂತು. ಕತ್ತಲಾಗುವುದನ್ನೇ ಮರೆತ ಆಕಾಶ, ಎಲ್ಲ ಕಿಟಕಿಗಳೂ ಮುಚ್ಚಿದ ಕಟ್ಟಡ. ಎಲ್ಲರೂ ಕೆರೆಯಂಚಿನ ತಂತಮ್ಮ ಬೇಸಿಗೆ ಮನೆಗಳಿಗೆ ಹೋಗಿದ್ದರು. ಹಮ್ದಮ್ ಖಾಲಿ ಅಂಗಳದ ಬೆಂಚಿನ ಮೇಲೆ ಕೂತು ಲೆಕ್ಕ ಹಾಕಿದ: ಇವರಿಗೆ ನನ್ನ ಮೇಲೆ ಮುನಿಸು. ಮೇ ತಿಂಗಳಲ್ಲಿ ನಾನು ಕೈ ಜೋಡಿಸಲಿಲ್ಲ, ಅದಕ್ಕೇ. ಅಕ್ಟೋಬರಿನಲ್ಲಿ ಬಾಗಿಲ ಮೇಲೆ ಚೀಟಿ ಕಂಡಾಗ, ಸಿಕ್ಕಿತು ಅವಕಾಶ ಎಂದುಕೊಂಡ.

ಹೀಗಾಗಿ ಶನಿವಾರ ಬೆಳಿಗ್ಗೆ ಸ್ನಾನ ಮಾಡಿ, ಒಳ್ಳೆಯ ಅಂಗಿ ತೊಟ್ಟು, ಬಾಗಿಲ ಬಳಿ ಮದುವಣಿಗನ ಹಾಗೆ ನಿಂತಿದ್ದ. ಒಬ್ಬೊಬ್ಬರೇ ಇಳಿದು ಬಂದರು. ಕೈಗವಸು, ರಬ್ಬರ್ ಬೂಟು, ಭುಜದ ಮೇಲೆ ಸ್ವಂತ ಬಾಚುಗೋಲು. ಬಂದವರೆಲ್ಲ ನೆಲ ನೋಡಿದರು. ಗುಡಿಸಿ ಸಾರಿಸಿದಂಥ ನೆಲ.

"ಎಲ್ಲಾ ಆಯ್ತು!" ಹಮ್ದಮ್ ಎರಡೂ ಕೈ ಅಗಲಿಸಿದ. "ನಾನೇ ಮಾಡ್ದೆ. ನೀವು ಹಿರಿಯರು, ಆರಾಮಾಗಿ ಕೂತ್ಕೊಳಿ."

ಯಾರೂ ಕೂರಲಿಲ್ಲ. ಎಸ್ಕೊ ಬಾಚುಗೋಲನ್ನು ಈ ಭುಜದಿಂದ ಆ ಭುಜಕ್ಕೆ ಬದಲಾಯಿಸಿದ. "ಹೂಂ" ಎಂದ. "ಸರಿ ಹಾಗಾದ್ರೆ" ಎಂದು ಬಾಗಿಲ ಕಡೆ ತಿರುಗಿದ. ಉಳಿದವರೂ ಅವನ ಹಿಂದೆ ತಿರುಗಿದರು. ಹಮ್ದಮನ ನಗು ಮುಖದ ಮೇಲೆಯೇ ಒಣಗಿಹೋಯಿತು. ಹೆಲ್ವಿ ಒಬ್ಬಳು ಬುಟ್ಟಿ ಹಿಡಿದು ನಿಂತೇ ಇದ್ದಳು.

"ಏನ್ ತಪ್ಪಾಯ್ತು ಅಜ್ಜಿ?"

"ಅಜ್ಜಿ ಗಿಜ್ಜಿ ಅನ್ಬೇಡ. ಹೆಲ್ವಿ ಅನ್ನು." ಅವಳು ಬುಟ್ಟಿಯ ಮೇಲಿನ ಬಟ್ಟೆ ಸರಿಸಿದಳು. "ಕೆಲಸ ಆದ್ಮೇಲೆ ತಿನ್ನೋಕೆ ಇವರಿಗೆಲ್ಲ ಹಂದಿ ಸಾಸೇಜು. ಈ ಮೀನು ನಿನಗೆ. ನೀನು ಹಂದಿ ತಿನ್ನಲ್ಲ ಅಂತ ಎಸ್ಕೊ ಹೇಳಿದ್ದ. ಈಗ ಕೆಲಸಾನೇ ಇಲ್ಲ, ಯಾವ ಮುಖ ಇಟ್ಕೊಂಡು ತಿನ್ನೋದು?"

"ನಿನ್ನೆ ನೀವು ಕಿಟಕೀಲಿ ನೋಡ್ತಾ ಇದ್ರಲ್ಲ?"

"ನೋಡ್ತಿದ್ದೆ. ನಿಲ್ಸಪ್ಪಾ ಅಂತ ಕೂಗೋಣ ಅನ್ನಿಸ್ತು. ಹೇಗೆ ಕೂಗೋದು? ಪರಿಚಯ ಇಲ್ವಲ್ಲ."

ಹಮ್ದಮನಿಗೆ ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಹೆಲ್ವಿ ಬುಟ್ಟಿ ಮುಚ್ಚಿದಳು. "ಕೈಯಲ್ಲಿ ಕೆಲಸ ಇಲ್ದಿದ್ರೆ ನಮಗೆ ಮಾತು ಬರಲ್ಲ ಕಣಪ್ಪಾ. ವರ್ಷಕ್ಕೆ ಎರಡು ದಿನ ನಾವು ಒಬ್ಬರ ಮುಖ ಒಬ್ಬರು ನೋಡೋದು. ನನ್ನ ಗಂಡ ಹೋದಮೇಲೆ ನನಗಂತೂ ಅಷ್ಟೇ. ಅದರಲ್ಲಿ ಒಂದನ್ನ ನೀನು ಬಾಚಿ ಚೀಲಕ್ಕೆ ತುಂಬಿಬಿಟ್ಟೆ." ಬಯ್ಗುಳವೇನಲ್ಲ, ಮಳೆ ಬಂತು ಎನ್ನುವ ಹಾಗೆ ಹೇಳಿ, ಅವಳೂ ಬಾಗಿಲ ಕಡೆ ಹೊರಟಳು.

ಹಮ್ದಮ್ ಒಳ್ಳೆಯ ಅಂಗಿಯ ತೋಳು ಮಡಚಿ, ಕಸದ ಕೊಟ್ಟಿಗೆಗೆ ಓಡಿದ. ದೊಡ್ಡ ಚೀಲವೊಂದನ್ನು ದರದರ ಎಳೆದು ತಂದು, ಬಾಯಿ ಬಿಚ್ಚಿ, ಅಂಗಳದ ನಟ್ಟನಡುವೆ ಬುಡಮೇಲು ಮಾಡಿದ. ಒದ್ದೆ ಎಲೆ ಧೊಪ್ಪೆಂದು ಬಿತ್ತು. ಇನ್ನೊಂದು ಚೀಲ ತಂದ. ಸದ್ದಿಗೆ ಎಸ್ಕೊ ಬಾಗಿಲಲ್ಲಿ ತಿರುಗಿ ನಿಂತ. ಹುಚ್ಚು ಹಿಡಿಯಿತೇ ಈ ಪರದೇಶಿಗೆ ಎಂಬಂತೆ ಎಲ್ಲರೂ ಕಣ್ಣು ಕಣ್ಣು ಬಿಟ್ಟರು. ಹಮ್ದಮ್ ಯಾರ ಮುಖವನ್ನೂ ನೋಡಲಿಲ್ಲ. ಧೈರ್ಯವಿರಲಿಲ್ಲ. ಮೂರನೆಯ ಚೀಲವನ್ನೂ ಎತ್ತಿಕೊಂಡು ಬಂದ.

ಎಸ್ಕೊ ಮೆಲ್ಲಗೆ ಹತ್ತಿರ ಬಂದ. ಎಲೆಯ ರಾಶಿಯನ್ನೂ ಅವನನ್ನೂ ನೋಡಿದ.

"ಅಲ್ಲೇನಕ್ಕೆ ಸುರೀತೀಯೋ?" ಎಂದ. "ಆ ಮೂಲೆ ಮರದ ಕೆಳಗೆ ಸುರಿ. ಎಲೆ ಜಾಸ್ತಿ ಇದ್ದಿದ್ದು ಅಲ್ಲಿ."

ಹಮ್ದಮ್ ಅಲ್ಲಿ ಸುರಿದ. ಎಸ್ಕೊ ಕಾಲಿನಿಂದ ಎಲೆಗಳನ್ನು ಅತ್ತ ಇತ್ತ ಹರಡಿದ. ಬುಟ್ಟಿಯನ್ನು ಬೆಂಚಿನ ಮೇಲಿಟ್ಟು ಹೆಲ್ವಿ ಬಾಚುಗೋಲು ಎತ್ತಿಕೊಂಡಳು. ಒಬ್ಬೊಬ್ಬರಾಗಿ ಉಳಿದವರೂ ಬಾಗಿಲಿಂದ ಹಿಂದಿರುಗಿ ಬಂದು, ಹಮ್ದಮನ ಅಕ್ಕಪಕ್ಕದಲ್ಲಿ ನಿಂತು, ಎಲೆ ಬಾಚತೊಡಗಿದರು. ಯಾರಿಗೂ ಅವಸರವಿರಲಿಲ್ಲ.