ಕೊನೆಯ ವಿಮಾನ ಇಳಿಯುವ ತನಕ

ಪರದೆಯ ಮೇಲಿನ ಚುಕ್ಕೆಗಳು ಒಂದೊಂದಾಗಿ ಗಡಿ ದಾಟಿ ಹೋಗುತ್ತಿದ್ದವು. ಉತ್ತರಕ್ಕೆ ಹೊರಟ ವಿಮಾನಗಳನ್ನು ಬೆಲ್‌ಗ್ರೇಡಿನ ನಿಯಂತ್ರಕರು ತೆಗೆದುಕೊಂಡರು, ದಕ್ಷಿಣದವನ್ನು ಅಥೆನ್ಸಿನವರು. ಹೊಸದಾಗಿ ಬರಬೇಕಾದವು ಬೆಳಿಗ್ಗೆಯಿಂದಲೇ ಸೋಫಿಯಾದ ಕಡೆಯಿಂದ ಸುತ್ತು ಹಾಕಿಕೊಂಡು ಹೋಗುತ್ತಿದ್ದವು. ಮಧ್ಯಾಹ್ನ ಹನ್ನೆರಡಕ್ಕೆ ಮುಷ್ಕರ. ಸ್ಕೋಪ್ಯೆಯ ವಿಮಾನ ನಿಯಂತ್ರಣ ಕೋಣೆಯಲ್ಲಿ ಕುರ್ಚಿಯ ಅಂಚಿಗೆ ಕೂತಿದ್ದ ರೂಝಾ ಖಾಲಿಯಾಗುತ್ತಿದ್ದ ಪರದೆಯನ್ನು ಉಸಿರು ಹಿಡಿದು ನೋಡುತ್ತಿದ್ದಳು.

ಆ ಪರದೆಯಲ್ಲಿ ಚುಕ್ಕೆಗಳ ಹಿಂದೆ ದೇಶದ ನಕ್ಷೆಯೊಂದಿದೆ ಎಂಬುದು ಅವಳಿಗೆ ಗೊತ್ತಿತ್ತು. ಆದರೆ ಇಷ್ಟು ವರ್ಷಗಳ ಕೆಲಸದಲ್ಲಿ ಅದನ್ನು ಪೂರ್ತಿಯಾಗಿ ಒಮ್ಮೆಯೂ ಕಂಡಿರಲಿಲ್ಲ. ವಿಮಾನಗಳ ಹೆಸರು, ಎತ್ತರ, ವೇಗದ ಅಂಕಿಗಳು ಜೇನುಹುಳುಗಳ ಹಾಗೆ ಅದನ್ನು ಸದಾ ಮುತ್ತಿಕೊಂಡಿರುತ್ತಿದ್ದವು. ಈಗ ಗಡಿಯ ಗೆರೆ ತೆಳ್ಳಗೆ ಎದ್ದು ಬಂತು. ಕೆಳಗಿನ ಮೂಲೆಯಲ್ಲಿ ಓಹ್ರಿದ್ ಸರೋವರ ಕಿರುಬೆರಳಿನ ಉಗುರಿನಷ್ಟಾಗಿ ಮೂಡಿತು. ಇಷ್ಟು ಪುಟ್ಟ ನೆಲದ ಮೇಲಿಂದಲೇ ಅಷ್ಟೊಂದು ಜನರನ್ನು ದಿನವೂ ದಾಟಿಸುತ್ತಿದ್ದೆವೇ ಎಂದು ಅವಳ ಮೈ ಜುಮ್ಮೆಂದಿತು.

ಸಂಬಳದ ಒಪ್ಪಂದ ಮುಗಿದು ಎರಡು ಬೇಸಿಗೆ ಕಳೆದಿದ್ದವು. ಮಾತುಕತೆಗೆ ಕರೆದಾಗಲೆಲ್ಲ ಸಂಸ್ಥೆಯ ನಿರ್ದೇಶಕ ತಾಶೆವ್ ಲೋಕುಮ್ ಸಿಹಿಯ ಪೆಟ್ಟಿಗೆ ಬಿಚ್ಚಿಡುತ್ತಿದ್ದ, ಮನೆಮಂದಿಯ ಆರೋಗ್ಯ ವಿಚಾರಿಸುತ್ತಿದ್ದ, ಮುಂದಿನ ತಿಂಗಳು ನೋಡೋಣ ಎಂದು ಬಾಗಿಲ ತನಕ ಬಂದು ಬೀಳ್ಕೊಡುತ್ತಿದ್ದ. ಕೊನೆಗೂ ಕೈಗೆ ಬಂದ ಹೊಸ ಒಪ್ಪಂದದ ಕರಡಿನಲ್ಲಿ ಸಂಬಳ ಇದ್ದಲ್ಲೇ ಇತ್ತು. ಸಾಲದ್ದಕ್ಕೆ, ಇಬ್ಬರು ಕೂರುವ ಮೇಜಿಗೆ ಇನ್ನು ಒಬ್ಬರೇ ಸಾಕು ಎಂದು ಬರೆದಿತ್ತು. ಒಬ್ಬರು ಪೈಲಟ್‌ಗಳೊಡನೆ ಮಾತಾಡುವಾಗ ಪಕ್ಕದವರು ಮುಂದೆ ಬರಲಿರುವ ವಿಮಾನಗಳ ಮೇಲೆ ಕಣ್ಣಿಡುತ್ತಾರೆ. ಆ ಎರಡನೆಯ ಜೋಡಿ ಕಣ್ಣು ದಂಡವೆಂದು ಯಾರಿಗೋ ಅನಿಸಿತ್ತು. ಒಲೆ ಆರಿಸಿದೆನೇ ಎಂದು ಅರ್ಧ ಮೆಟ್ಟಿಲು ಇಳಿದವಳು ಮತ್ತೆ ಹತ್ತಿ ಹೋಗಿ ನೋಡುವ ರೂಝಾಳಿಗೆ ಆ ಸಾಲು ಓದಿದ ಮೇಲೆ ಊಟ ಸೇರಲಿಲ್ಲ. ಯಾರ ಜೊತೆಗೂ ಜಗಳಕ್ಕೆ ನಿಲ್ಲದವಳು ಕ್ಯಾಂಟೀನಿನಲ್ಲಿ ಬುರೆಕ್ ತಿನ್ನುತ್ತಿದ್ದವರ ನಡುವೆ ಎದ್ದು ನಿಂತು ಅದನ್ನು ಗಟ್ಟಿಯಾಗಿ ಓದಿದ್ದಳು. ಮುಷ್ಕರದ ಮಾತು ಹುಟ್ಟಿದ್ದು ಅಲ್ಲೇ.

ನೌಕರರ ಸಂಘ ಕೊಟ್ಟ ನೋಟಿಸಿನ ಪ್ರಕಾರ ಮುಷ್ಕರ ಹನ್ನೆರಡರಿಂದ ಎರಡರವರೆಗೆ. ಆ ಅವಧಿಯ ಕೊನೆಯ ನಿಮಿಷದಲ್ಲಿ ಶುರುವಾದರೂ ಲೆಕ್ಕಕ್ಕೆ ಬರುತ್ತದೆ, ಶುರುವಾಗದಿದ್ದರೆ ನೋಟಿಸು ಸತ್ತ ಹಾಗೆ. ಹೊಸದು ಕೊಡುವಷ್ಟರಲ್ಲಿ ಸಂಸ್ಥೆಯ ಆಡಳಿತ ಮಂಡಳಿ ಆ ಕರಡು ಒಪ್ಪಂದಕ್ಕೆ ಸಹಿ ಹಾಕಿ ಕೈ ತೊಳೆದುಕೊಂಡಿರುತ್ತದೆ. ಇನ್ನೊಂದು ಕಟ್ಟಳೆ ಯಾವ ಕಾಗದದಲ್ಲೂ ಇರಲಿಲ್ಲ, ಆದರೂ ಕೋಣೆಯಲ್ಲಿ ಅದನ್ನು ಮೀರಿದವರಿಲ್ಲ. ಒಂದೇ ಒಂದು ವಿಮಾನ ಗಾಳಿಯಲ್ಲಿದ್ದರೂ ಅದನ್ನು ನೋಡಿಕೊಳ್ಳುತ್ತಿರುವವರು ಕುರ್ಚಿ ಬಿಟ್ಟು ಏಳುವಂತಿಲ್ಲ. ಅವರು ಏಳದೆ ಮುಷ್ಕರ ಶುರುವಾಯಿತೆಂದು ಉಳಿದವರೂ ಹೇಳುವಂತಿಲ್ಲ.

ಹನ್ನೆರಡಾಗುವ ಮುಂಚೆ, ಕೊನೆಯ ಚುಕ್ಕೆಯೂ ಗಡಿ ದಾಟುತ್ತಿರುವಾಗ, ವಿಮಾನ ನಿಲ್ದಾಣದಿಂದ ಇನ್ನೊಂದು ಮೇಲೆದ್ದಿತು. ಸಂಸ್ಥೆಯದೇ ಪುಟ್ಟ ಪರೀಕ್ಷಾ ವಿಮಾನ. ಇಳಿಯುವವರಿಗೆ ದಾರಿ ತೋರಿಸುವ ರೇಡಿಯೋ ಸಂಕೇತಗಳು ಸರಿಯಿವೆಯೇ ಎಂದು ಸುತ್ತು ಹಾಕಿ ಅಳೆಯುವುದು ಅದರ ಕೆಲಸ. ಹೋದ ತಿಂಗಳಷ್ಟೇ ಅಳೆದು ಮುಗಿಸಿತ್ತು. ಪೈಲಟ್ ಸ್ಪಾಸೆಯ ದನಿ ರೂಝಾಳಿಗೆ ಪರಿಚಿತ, ಮುಖ ಗೊತ್ತಿಲ್ಲ. ಸಂಜೆಯ ತನಕ ಸಾಕಾಗುವಷ್ಟು ಇಂಧನವಿದೆ ಎಂದು ಅವನು ತಿಳಿಸಿದಾಗ ಅವಳ ಬೆನ್ನ ಹಿಂದೆ ನಿಂತಿದ್ದ ಸಂಘದ ಪ್ರತಿನಿಧಿ ಡಿಮ್ಚೆ ಹಣೆ ಚಚ್ಚಿಕೊಂಡ.

"ಮುಗೀತು ಬಿಡು. ಆ ತಾಶೆವ್ ಮೊದ್ಲು ಎಲ್ಲಿ ಕೂರ್ತಿದ್ದ ಹೇಳು? ಇದೇ ಕುರ್ಚೀಲಿ. ನಾವು ಎದ್ದು ಹೋಗಲ್ಲ ಅಂತ ಅವ್ನಿಗಲ್ದೆ ಇನ್ಯಾರಿಗೆ ಗೊತ್ತಿರತ್ತೆ?"

ತಾಶೆವ್ ಆಗಲೇ ಒಳಗೆ ಬಂದು ಕಾರಿಡಾರಿನ ಕಡೆಯ ಗಾಜಿನ ಗೋಡೆಯ ಪಕ್ಕ ಕೈಕಟ್ಟಿ ನಿಂತಿದ್ದ. ಗೆದ್ದವನ ಮುಖ ಅವನದಾಗಿರಲಿಲ್ಲ. ಯಾರ ಕಣ್ಣನ್ನೂ ಅವನು ನೋಡಲಿಲ್ಲ.

ಹನ್ನೆರಡು ಹೊಡೆಯಿತು, ಒಂದೂ ಹೊಡೆಯಿತು. ಇಡೀ ಪರದೆಯ ಮೇಲೆ ಒಂದೇ ಚುಕ್ಕೆ ಎತ್ತು ಗಾಣ ಸುತ್ತುವ ಹಾಗೆ ಸುತ್ತುತ್ತಿತ್ತು. ಉಳಿದ ಮೇಜುಗಳಿಂದ ಎದ್ದವರೆಲ್ಲ ರೂಝಾಳ ಹಿಂದೆ ಬಂದು ಗುಂಪಾದರು. ಗುಂಪಿನಲ್ಲೊಬ್ಬ, ತಾಶೆವ್‌ಗೆ ಕೇಳುವ ಹಾಗೆ, ನಮ್ಮ ಸಂಬಳದ ಕಡತಾನೂ ಎರಡು ವರ್ಷದಿಂದ ಹೀಗೇ ಸುತ್ತುತ್ತಾ ಇದೆ ಎಂದ. ಉಳಿದವರು ನಕ್ಕರು, ಆದರೆ ನಗು ಬಹಳ ಹೊತ್ತು ನಿಲ್ಲಲಿಲ್ಲ. ಡಿಮ್ಚೆ ಬಗ್ಗಿ ರೂಝಾಳ ಕಿವಿಯ ಹತ್ತಿರ ಬಂದ.

"ರನ್‌ವೇ ಮೇಲೆ ಏನೋ ಬಿದ್ದಿದೆ, ಮುಚ್ತಾ ಇದೀವಿ, ಈಗ್ಲೇ ಇಳಿ ಅನ್ನು. ಒಂದ್ ಮಾತು ಸಾಕು ಮಾರಾಯ್ತಿ."

"ಅವ್ನು ನಂಬ್ತಾನೆ ಕಣೋ."

"ನಂಬ್ಲಿ ಅಂತಾನೇ ಹೇಳ್ತಿರೋದು."

"ಅದಕ್ಕೇ ಆಗಲ್ಲ."

ಕರಡನ್ನು ಎದ್ದು ನಿಂತು ಓದಿದವಳು ತಾನು, ಇವರನ್ನೆಲ್ಲ ಹೊರಡಿಸಿದವಳು ತಾನು, ಈಗ ಬಾಗಿಲಿಗೆ ಅಡ್ಡ ಕೂತವಳೂ ತಾನೇ. ಆದರೂ ಆ ಸುಳ್ಳು ಅವಳ ಗಂಟಲಲ್ಲಿ ಹುಟ್ಟಲೇ ಇಲ್ಲ. ಮೋಡ ಕವಿದು ಮೂಗಿನ ತುದಿ ಕಾಣದ ದಿನಗಳಲ್ಲಿ, ಬೆಟ್ಟಗಳ ನಡುವೆ, ಎಡಕ್ಕೆ ತಿರುಗಿ ಎಂದು ಅವಳಂದರೆ ಸಾಕು, ನೂರಾರು ಜನರನ್ನು ಹೊತ್ತ ವಿಮಾನ ಎಡಕ್ಕೆ ತಿರುಗುತ್ತಿತ್ತು. ಯಾಕೆ ಎಂದು ಯಾರೂ ಕೇಳಿದ್ದಿಲ್ಲ. ಇಷ್ಟು ವರ್ಷ ಅದು ಅವಳಿಗೆ ಹೆದರಿಕೆ ಹುಟ್ಟಿಸುತ್ತಿತ್ತು. ಇವತ್ತು ಬರಿದಾದ ಪರದೆಯ ಮುಂದೆ ಕೂತು ಆ ನಂಬಿಕೆಯ ಅಗಲ ನೋಡಿ ಅವಳು ಬೆರಗಾದಳು. ಇನ್ನು ಗಾಳಿಯಲ್ಲಿದ್ದುದು ಒಂದೇ ವಿಮಾನ. ನಂಬಿಕೆಯ ಭಾರ ಮಾತ್ರ ಒಂದು ಗುಂಜಿಯೂ ಇಳಿದಿರಲಿಲ್ಲ.

ಅಷ್ಟರಲ್ಲಿ ಸ್ಪಾಸೆ ರೇಡಿಯೋದ ಇಂಗ್ಲಿಷ್ ಬಿಟ್ಟು ಮನೆಮಾತಿಗೆ ಇಳಿದ. ಧ್ವನಿವರ್ಧಕದಲ್ಲಿ ಕೋಣೆಗೆಲ್ಲ ಕೇಳುತ್ತಿತ್ತು.

"ಅಕ್ಕಾ, ನನ್ ರೇಡಿಯೋ ಕೆಟ್ಟಿದೆಯಾ? ಯಾರ ದನೀನೂ ಕೇಳ್ತಿಲ್ಲ."

"ಕೆಟ್ಟಿಲ್ಲ. ನೀವೊಬ್ರೇ ಇರೋದು."

"ಒಬ್ನೇ ಅಂದ್ರೆ?"

"ಇಡೀ ದೇಶದ ಮೇಲೆ ನೀವೊಬ್ರೇ."

ಮುಷ್ಕರ ಶುರುವಾದ ಮೇಲೂ ನಿನ್ನನ್ನು ನೋಡಿಕೊಳ್ಳಲು ಬೇರೆ ಜನ ಇರುತ್ತಾರೆ ಎಂದು ತನಗೆ ಹೇಳಿದ್ದರಲ್ಲ ಎಂದು ಅವನು ಕೇಳಿದ. ಬೇರೆ ಯಾರೂ ಇಲ್ಲ, ನೀವು ಇಳಿಯುವ ತನಕ ಮುಷ್ಕರವೂ ಇಲ್ಲ ಎಂದು ರೂಝಾ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಡಿಮ್ಚೆ ಅವಳ ಭುಜ ಒತ್ತಿದ, ಇನ್ನೂ ಹೇಳು ಎಂಬಂತೆ. ಅವಳು ಹೇಳಿದ್ದು ಬೇರೆ.

"ನಿಮ್ ಕೆಲ್ಸ ನೀವು ಮುಗ್ಸಿ. ಎಷ್ಟೊತ್ತಾದ್ರೂ ಆಗ್ಲಿ, ನಾನು ಇಲ್ಲೇ ಇರ್ತೀನಿ."

ಸ್ಪಾಸೆಯ ದನಿ ತಗ್ಗಿತು, ಚರ್ಚಿನೊಳಗೆ ಮಾತಾಡುವವನ ಹಾಗೆ.

"ಮೇಲೆ ವಿಮಾನ ಬಿಟ್ಟುಹೋಗೋ ಬಿಳಿ ಗೆರೆ ಒಂದೂ ಇಲ್ಲ ಅಕ್ಕಾ. ಶಾರ್ ಬೆಟ್ಟದ ಹಿಮ ಕೈಗೆ ಸಿಗೋ ಹಾಗಿದೆ. ದೂರದಲ್ಲಿ ಪೆಲಿಸ್ತೆರ್ ಶಿಖರ ಕೂಡ ಕಾಣ್ತಿದೆ. ಇಷ್ಟ್ ದೊಡ್ಡ ಆಕಾಶ ಇತ್ತು ಅಂತ ನಂಗೆ ಗೊತ್ತೇ ಇರ್ಲಿಲ್ಲ."

ಕಿಟಕಿಯಿಲ್ಲದ ಆ ಕೋಣೆಯಲ್ಲಿ ಯಾರೂ ಅಲುಗಲಿಲ್ಲ. ದಿನವಿಡೀ ಆಕಾಶವನ್ನು ಆಳುವ ಅವರಿಗೆ ಆಕಾಶ ಕಾಣುತ್ತಿದ್ದುದು ಕಾರು ನಿಲ್ಲಿಸುವ ಜಾಗದಲ್ಲಿ ಮಾತ್ರ. ರೂಝಾಳ ಪಕ್ಕದ ಕುರ್ಚಿಯಲ್ಲಿದ್ದ ವಯಸ್ಸಾದ ಹೆಂಗಸು ಬಾಯಿಗೆ ಕೈ ಅಡ್ಡ ಹಿಡಿದು ಪರದೆಯನ್ನೇ ನೋಡುತ್ತಿದ್ದಳು, ಅದರೊಳಗೆ ಹಿಮ ಕಾಣುವುದೋ ಎಂಬಂತೆ.

ತಾಶೆವ್ ಮುಂದೆ ಬಂದು, ಇನ್ನೊಂದು ಸುತ್ತು ಹಾಕಲು ಹೇಳು ಎಂದ. ದನಿಯಲ್ಲಿ ಜೋರಿರಲಿಲ್ಲ. ಎಲ್ಲರೂ ರೂಝಾಳ ಮುಖ ನೋಡಿದರು. ಅವಳು ಗುಂಡಿ ಒತ್ತಿ, ನಿರ್ದೇಶಕರು ಇನ್ನೊಂದು ಸುತ್ತು ಹಾಕಿ ಎನ್ನುತ್ತಿದ್ದಾರೆ ಎಂದು ಒಂದಕ್ಷರ ಬದಲಿಸದೆ ದಾಟಿಸಿದಳು. ಡಿಮ್ಚೆ ಅವಳ ಭುಜದಿಂದ ಕೈ ತೆಗೆದ.

"ಸಂಕೇತ ಎಲ್ಲ ಸರಿಯಾಗಿವೆ ಅಂತ ಅವ್ರಿಗೆ ಹೇಳಿ," ಎಂದ ಸ್ಪಾಸೆ. "ಹೋದ ತಿಂಗ್ಳೂ ಸರಿ ಇದ್ವು. ಇಷ್ಟೊಂದು ಜನಾನ ಕಾಯಿಸಿ ಇಷ್ಟೊಂದು ಆಕಾಶ ಒಬ್ನೇ ಇಟ್ಕೊಳ್ಳೋಕೆ ನಾನ್ಯಾರು? ಇಳೀತೀನಿ ಅಕ್ಕಾ, ದಾರಿ ಕೊಡಿ."

ದಾರಿಯೇನು, ಆಕಾಶವೆಲ್ಲ ದಾರಿಯಾಗಿತ್ತು. ಆದರೂ ರೂಝಾ ಆತುರ ಮಾಡಲಿಲ್ಲ. ಸುತ್ತಲೂ ನಲವತ್ತು ವಿಮಾನಗಳಿದ್ದರೆ ಹೇಗೋ ಹಾಗೆಯೇ ಅವನನ್ನು ತಿರುಗಿಸಿದಳು, ಹಂತಹಂತವಾಗಿ ಇಳಿಸಿದಳು, ಗಾಳಿ ಯಾವ ಕಡೆಯಿಂದ ಬೀಸುತ್ತಿದೆಯೆಂದು ಎರಡು ಬಾರಿ ತಿಳಿಸಿದಳು. ಎರಡು ಗಂಟೆಗೆ ಇನ್ನೂ ಕಾಲು ಗಂಟೆಯಿತ್ತು. ಚುಕ್ಕೆ ರನ್‌ವೇಯ ಗೆರೆಯ ಮೇಲೆ ಕೂತಿತು, ಮಾಸಿತು, ಇಲ್ಲವಾಯಿತು.

ಗಡಿಗೆರೆಯ ಒಳಗೆ ಈಗ ಏನೂ ಇರಲಿಲ್ಲ. ಬೆಟ್ಟಗಳು, ನದಿ, ಸರೋವರ, ಅವುಗಳ ಮೇಲೆ ಮೋಡದ ತನಕ ಮತ್ತು ಮೋಡದಾಚೆಗೂ ಬರೀ ಗಾಳಿ. ಚಪ್ಪಾಳೆ ತಟ್ಟಬೇಕೆಂದು ಎತ್ತಿದ ಯಾರದೋ ಕೈ ಅರ್ಧದಲ್ಲೇ ನಿಂತಿತು. ತಾಶೆವ್ ರೂಝಾಳ ಕುರ್ಚಿಯ ಬೆನ್ನು ಹಿಡಿದು ಪರದೆಯತ್ತ ಬಗ್ಗಿದ.

"ಇಪ್ಪತ್ತು ವರ್ಷ ಇಲ್ಲಿ ಕೂತಿದ್ದೆ," ಎಂದ. "ಒಂದಿನಾನೂ ಹೀಗೆ ನೋಡಿರ್ಲಿಲ್ಲ." ಆಮೇಲೆ ನೆಟ್ಟಗೆ ನಿಂತು, "ಆ ಒಬ್ರೇ ಕೂರೋ ವಿಷ್ಯ ಮತ್ತೆ ಮಾತಾಡೋಣ," ಎಂದ.

"ಸಂಬಳದ ವಿಷ್ಯಾನೂ," ಎಂದ ಡಿಮ್ಚೆ. "ಲೋಕುಮ್ ತರ್ಬೇಡಿ."

ರೂಝಾ ಹೆಡ್‌ಫೋನ್ ತೆಗೆದಳು. ಕಿವಿಗಳು ಬಿಸಿಯಾಗಿದ್ದವು, ಕಾಲು ಜೋಮು ಹಿಡಿದಿತ್ತು. ಎದ್ದು ನಿಂತು, ಇನ್ನೊಮ್ಮೆ ಬಗ್ಗಿ ಮೂಲೆಯಿಂದ ಮೂಲೆಗೆ ಕಣ್ಣಾಡಿಸಿ, ನಿಜವಾಗಿಯೂ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡಳು.

"ಶುರುವಾಯ್ತು," ಎಂದಳು.