ಮುರಿದ ದಮ್ಮು

ಗುದ್ದಲಿಯನ್ನು ಮಣ್ಣಿನ ರಾಶಿಯ ಮೇಲೆ ಎಸೆದು ಸೋಮನಿಂಗ ಅರ್ಧ ತೋಡಿದ ಕುಣಿಯಿಂದ ಮೇಲೆ ಬಂದ. ಹಿಂದೆಯೇ ಉಳಿದ ಮೂವರೂ ಬಂದರು.

“ಉಳದದ್ದು ನೀನ ತೋಡ್ಕೊ, ರೇವಣಪ್ಪ. ಊರಿನ ಮರ್ಯಾದಿ ಮಣ್ಣಾಗ ಹಾಕಿದ ನಿಮ್ಮಣ್ಣಗ ಇಷ್ಟ ಸಾಕು.”

ಬೇವಿನ ಗಿಡದ ಕೆಳಗೆ ರೇವಣಪ್ಪನ ಅಣ್ಣ ಗುರಲಿಂಗಪ್ಪನ ಹೆಣವಿತ್ತು. ಪಕ್ಕದಲ್ಲಿ ಅತ್ತಿಗೆ ಸಿದ್ದಲಿಂಗವ್ವ ಕೂತಿದ್ದಳು. ಅವರ ಊರು ನಾಲತವಾಡದಿಂದ ಮಣ್ಣಿಗೆ ಬಂದವರು ಹದಿನೈದು ಜನರೂ ಇರಲಿಲ್ಲ. ಕುಣಿ ತೋಡುವವರು ರೇವಣಪ್ಪನ ಮುಖ ನೋಡಿ ಬಂದಿದ್ದರು. ತಾಂಬಾದವರ ಜೀಪು ಬಂದು ನಿಂತದ್ದೇ ತಡ, ಕೈಬಿಟ್ಟರು.

ಜೀಪಿನಿಂದ ಮೊದಲು ಇಳಿದವನು ಅಮಸಿದ್ದ, ಏಳು ವರ್ಷದ ಹಿಂದೆ ತಾಂಬಾ ಕಬಡ್ಡಿ ತಂಡದ ನಾಯಕನಾಗಿದ್ದವನು. ಹೆಣಕ್ಕೆ ಕೈಮುಗಿದು, ಅಂಗಿ ಕಳಚಿಟ್ಟು, ಸೀದಾ ಕುಣಿಗೆ ಇಳಿದ.

“ಮ್ಯಾಲ ಬಾ,” ಎಂದ ರೇವಣಪ್ಪ. “ನಮ್ಮಣ್ಣನ ಕುಣಿಗಿ ನಿನ್ನ ಕೈ ಬ್ಯಾಡ.”

“ನಿಮ್ಮೂರವ್ರ ಕೈ ಎಲ್ಲ್ಯದಾವು?” ಎನ್ನುತ್ತ ಅಮಸಿದ್ದ ಗುದ್ದಲಿ ಎತ್ತಿದ.

*

೧೯೭೧ರ ಮಾಘದಲ್ಲಿ, ಬಸವನ ಬಾಗೇವಾಡಿಯ ಮೈದಾನ. ತಾಂಬಾಕ್ಕೆ ಐದು ಅಂಕ, ನಾಲತವಾಡಕ್ಕೆ ನಾಲ್ಕು. ಸೊಲ್ಲಾಪುರದ ಮಿಲ್ಲೊಂದು ಪಗಾರ ಕೊಟ್ಟು ಕಬಡ್ಡಿ ಆಡಿಸುತ್ತಿತ್ತು; ಅಲ್ಲಿಯ ಸಾಹೇಬ ಒಬ್ಬ ಆಟಗಾರನನ್ನು ಆರಿಸಿಕೊಳ್ಳಲು ಖುರ್ಚಿ ಹಾಕಿಕೊಂಡು ಕೂತಿದ್ದ. ತೀರ್ಪು ಕೊಡಬೇಕಾದ ಪಂಚ ಬಂದಿರಲಿಲ್ಲ. “ಟೇಲರ್ ಗುರಲಿಂಗಪ್ಪ ನಿಲ್ಲಲಿ, ಅಂವ ಸುಳ್ಳು ಹೇಳೂದಿಲ್ಲ” ಎಂದು ತಾಂಬಾದವರೇ ಒಪ್ಪಿದ್ದರು.

ಕೊನೆಯ ದಾಳಿ ರೇವಣಪ್ಪನದು; ಮರಳಿ ಗೆರೆ ಮುಟ್ಟುವವರೆಗೆ ದಮ್ಮು, ಒಂದೇ ಉಸಿರಿನ ‘ಕಬಡ್ಡಿ’, ಮುರಿಯಬಾರದು. ಇಬ್ಬರನ್ನು ಮುಟ್ಟಿ ತಿರುಗುವಷ್ಟರಲ್ಲಿ ಅಮಸಿದ್ದ ಹಿಂದಿನಿಂದ ಹೆಗಲಿಗೆ ಜೋತುಬಿದ್ದ. ಅವನನ್ನೂ ಎಳೆದುಕೊಂಡೇ ರೇವಣಪ್ಪ ನಡುಗೆರೆಗೆ ಕೈ ಚಾಚಿದ. ಕೈ ಮುಟ್ಟಿತು. ನಾಲತವಾಡದವರು ಅವನನ್ನು ಹೆಗಲಿಗೇರಿಸಿದರು.

ಗುರಲಿಂಗಪ್ಪ ಕೈ ಎತ್ತಿದ. “ದಮ್ಮು ಮುರೀತು. ಔಟ್.”

“ಅವ್ವನಾಣಿ, ಮುರಿದಿಲ್ಲ,” ಎಂದ ರೇವಣಪ್ಪ, ಎಲ್ಲರೆದುರಿಗೆ.

ಅಣ್ಣ ತಮ್ಮನ ಮುಖವನ್ನೇ ನೋಡಿದ. ಮಾತು ಬದಲಿಸಲಿಲ್ಲ. ಸಾಹೇಬ ಅಮಸಿದ್ದನನ್ನು ಆರಿಸಿಕೊಂಡು ಹೋದ.

ಗುರಲಿಂಗಪ್ಪ ಹೊಲಿದುಕೊಟ್ಟಿದ್ದ ಅಂಗಿಗಳನ್ನೆಲ್ಲ ತಂಡದವರು ಅವನ ಬಾಗಿಲಿಗೆ ಎಸೆದು ಹೋದರು. ಊರಲ್ಲಿ ಒಬ್ಬರೂ ಹೊಲಿಯಲು ಅರಿವೆ ಕೊಡಲಿಲ್ಲ. ಅವನು ದಿನಾ ಮೋಟಾರು ಹತ್ತಿ ಮುದ್ದೇಬಿಹಾಳಕ್ಕೆ ಹೋಗಿ, ಯಾರದೋ ಅಂಗಡಿಯ ಕಟ್ಟೆಯ ಮೇಲೆ ಕೂತು ಹೊಲಿದ. ರೇವಣಪ್ಪ ಅಂಗಳದ ನಡುವೆ ಗೋಡೆ ಎಬ್ಬಿಸಿದ.

*

“ಆ ದಿನ ನನ್ನ ಕಿವಿ ನಿನ್ನ ಬಾಯಿ ಹಂತ್ಯಾಕ ಇತ್ತು,” ಎಂದ ಅಮಸಿದ್ದ ಅಗೆಯುತ್ತಲೇ. “ದಮ್ಮು ಮುರಿದದ್ದು ನಾನೂ ಕೇಳೇನಿ.”

ರೇವಣಪ್ಪ ಕುಣಿಗೆ ಹಾರಿ ಅವನ ಕುತ್ತಿಗೆಗೆ ಕೈ ಹಾಕಿದ.

“ಬಿಡು ಅವನ್ನ,” ಎಂದಳು ಸಿದ್ದಲಿಂಗವ್ವ, ಕೂತಲ್ಲಿಂದಲೇ. “ನಿನ್ನೆ ಸಾಯೂ ಮುಂದನೂ ಅವರದು ಒಂದ ಮಾತು. ‘ತಮ್ಮ ಅವ್ವನ ಮ್ಯಾಲ ಆಣಿ ಮಾಡ್ಯಾನ. ನನಗ ತಪ್ಪು ಕೇಳಿಸ್ತೇನ?’ ಅಂತ. ಏಳು ವರ್ಷ ಕೇಳೇನಿ ಇದನ್ನ. ನಾ ಏನ್ ಹೇಳ್ಲಿ?”

ರೇವಣಪ್ಪನ ಕೈ ಸಡಿಲಾಯಿತು. ಆ ದಿನ ಗೆರೆ ಇನ್ನೂ ಗೇಣುದ್ದ ದೂರ ಇರುವಾಗಲೇ ಅವನ ಎದೆ ಬರಿದಾಗಿತ್ತು. ಒಂದು ಗುಟುಕು ಗಾಳಿ ಎಳೆದುಕೊಂಡಿದ್ದ, ಅಷ್ಟೇ. ಆ ಗದ್ದಲದಲ್ಲಿ ಯಾರಿಗೆ ಕೇಳೀತು ಎಂದುಕೊಂಡಿದ್ದ.

“ಮುರಿದಿತ್ತು, ವೈನಿ.”

ಸೋಮನಿಂಗ ಕುಣಿಯ ಅಂಚಿಗೆ ಬಂದ. “ಏನಂದಿ?”

“ದಮ್ಮು ಮುರಿದಿತ್ತು.”

“ಅಂವನ ಬಾಗಲಿಗಿ ಮೊದಲ ಅಂಗಿ ಒಗದಾವ ನಾ. ನಿನ್ನ ಮಾತು ನಂಬಿ.” ಸೋಮನಿಂಗ ಕಾಲಿಂದ ಒಂದು ಹೆಂಟೆಯನ್ನು ಒದ್ದ. ಅದು ರೇವಣಪ್ಪನ ಎದೆಗೆ ಬಡಿದು ಪುಡಿಯಾಯಿತು. ಅವನು ಒರೆಸಿಕೊಳ್ಳಲಿಲ್ಲ.

ಕುಣಿ ತೋಡಿ ಮುಗಿದು ಹೆಣ ಇಳಿಸುವಾಗ ತಾಂಬಾದವರು ತಲೆಯ ಕಡೆ ಹಿಡಿದರು. ಸೋಮನಿಂಗ ಯಾರ ಮುಖವನ್ನೂ ನೋಡದೆ ಬಂದು ಕಾಲು ಹಿಡಿದ. ರೇವಣಪ್ಪನಿಗೆ ಯಾರೂ ಜಾಗ ಬಿಡಲಿಲ್ಲ.

ಗುರಲಿಂಗಪ್ಪನಿಗೆ ಮಕ್ಕಳಿರಲಿಲ್ಲ, ಮೊದಲ ಮಣ್ಣು ತಮ್ಮನೇ ಹಾಕಬೇಕು. ರೇವಣಪ್ಪ ಮುಷ್ಟಿ ತುಂಬಿಕೊಂಡು ಬಗ್ಗಿದ. ಸಿದ್ದಲಿಂಗವ್ವ ಎದ್ದು ಬಂದು ಅವನ ಮಣಿಕಟ್ಟು ಹಿಡಿದು ಆಚೆ ಎಳೆದಳು. ಒಂದೊಂದೇ ಬೆರಳು ಬಿಡಿಸಿದಳು. ಮಣ್ಣು ಅವನ ಪಾದಗಳ ಮೇಲೆ ಸುರಿಯಿತು.